ಬಾಕ್ಸಿಂಗ್‌ನಿಂದ ಎಂಎಂಎಗೆ ಬರುವವರು ಮೊದಲು ಕಲಿಯಬೇಕಾದುದು ಏನು?

ಪ್ರಶ್ನೆ: ಮೂರು ವರ್ಷಗಳಿಂದ ಬಾಕ್ಸಿಂಗ್ ಅಭ್ಯಾಸ ಮಾಡುತ್ತಿದ್ದೇನೆ. ಹವ್ಯಾಸಿ ಮಟ್ಟದಲ್ಲಿ ಕೆಲವು ಪಂದ್ಯಗಳನ್ನೂ ಆಡಿದ್ದೇನೆ. ಈಗ ಮಿಶ್ರ ಸಮರಕಲೆಯ, ಅಂದರೆ ಎಂಎಂಎ ತರಬೇತಿಗೆ ಸೇರುವ ಆಸೆಯಿದೆ. ಆದರೆ ಕುಸ್ತಿಯಾಗಲಿ ನೆಲದ ಮೇಲೆ ಹಿಡಿತಗಳಿಂದ ಸೆಣಸುವ ಜಿಯು-ಜಿತ್ಸುವಾಗಲಿ ನನಗೆ ಸ್ವಲ್ಪವೂ ಗೊತ್ತಿಲ್ಲ. ಕಲಿತ ಬಾಕ್ಸಿಂಗ್ ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ? ಯಾವುದನ್ನು ಮೊದಲು ಕಲಿಯಬೇಕು, ಯಾವ ಅಭ್ಯಾಸಗಳನ್ನು ಬಿಡಬೇಕು, ಸ್ಪಾರಿಂಗ್, ಅಂದರೆ ಜೊತೆಗಾರನೊಡನೆ ಅಭ್ಯಾಸದ ಕಾಳಗ, ಯಾವಾಗ ಶುರು ಮಾಡಬಹುದು?

ಉತ್ತರ: ಮೂರು ವರ್ಷಗಳ ಬಾಕ್ಸಿಂಗ್ ದೊಡ್ಡ ಬಂಡವಾಳವೇ ಸರಿ, ಆದರೆ ನೀವು ಕಾಲ ಮೇಲೆ ನಿಂತಿರುವವರೆಗೆ ಮಾತ್ರ ಅದು ನಿಮ್ಮ ನೆರವಿಗೆ ಬರುತ್ತದೆ. ಆದ್ದರಿಂದ ಎಂಎಂಎಯ ಮೊದಲ ವರ್ಷದಲ್ಲಿ ನಿಮ್ಮ ಶ್ರಮದ ಹೆಚ್ಚಿನ ಪಾಲು, ಎದುರಾಳಿ ನಿಮ್ಮನ್ನು ಕೆಡವದಂತೆ ತಡೆಯುವುದಕ್ಕೂ, ಕೆಡವಿದಾಗ ಮತ್ತೆ ಎದ್ದು ನಿಲ್ಲುವುದಕ್ಕೂ ಸಲ್ಲಬೇಕು. ಹೊಸಬರ ಗಮನ ಸಹಜವಾಗಿ ಒದೆತಗಳ ಕಡೆಗೂ ಎದುರಾಳಿಯನ್ನು ಸೋಲೊಪ್ಪಿಸುವ ಸಬ್‌ಮಿಷನ್ ಪಟ್ಟುಗಳ ಕಡೆಗೂ ಹರಿಯುತ್ತದೆ. ಬಾಕ್ಸಿಂಗ್‌ನಿಂದ ಬಂದವರಿಗೆ ಅವೆರಡೂ ಮುಖ್ಯ, ಆದರೆ ಎರಡನೆಯ ಸಾಲಿನವು. ಏಳಲು ಬಾರದ ಬಾಕ್ಸರ್ ತನ್ನ ಪಂಚ್‌ಗಳನ್ನು ಧೈರ್ಯವಾಗಿ ಎಸೆಯಲಾರ. ಬಿದ್ದರೆ ಮುಗಿಯಿತು ಎಂಬ ಅಳುಕು ಒಳಗಿದ್ದಾಗ, ನಿಂತಿರುವಾಗಿನ ಆಟವೂ ಕುಗ್ಗುತ್ತದೆ.

ಈ ಮಾತಿಗೆ ಕ್ರೀಡೆಯ ಇತಿಹಾಸವೇ ಸಾಕ್ಷಿಯಾಗಿದೆ. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಎಂಎಂಎಯ ಪ್ರಮುಖ ಸಂಸ್ಥೆಯಾದ ಯುಎಫ್‌ಸಿಯ ಮೊದಲ ಪಂದ್ಯಾವಳಿಯಲ್ಲಿ ವೃತ್ತಿಪರ ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಜಿಯು-ಜಿತ್ಸು ಪಟು ರಾಯ್ಸ್ ಗ್ರೇಸಿಯ ಎದುರು ನಿಂತರು. ಗ್ರೇಸಿ ಅವರನ್ನು ಕೆಡವಿ ಎದೆಯ ಮೇಲೆ ಕುಳಿತಾಗ, ಅಲ್ಲಿಂದ ಹೊರಬರುವ ದಾರಿ ಗೊತ್ತಿಲ್ಲದೆ ಅವರು ಸೋಲೊಪ್ಪಿಕೊಂಡರು. 2010ರಲ್ಲಿ ಬಾಸ್ಟನ್‌ನಲ್ಲಿ ಜೇಮ್ಸ್ ಟೋನಿಗೂ ಹಾಗೆಯೇ ಆಯಿತು. ಹಲವು ತೂಕವರ್ಗಗಳಲ್ಲಿ ವಿಶ್ವ ಬಾಕ್ಸಿಂಗ್ ಪಟ್ಟ ಗೆದ್ದಿದ್ದ ಅವರನ್ನು ಕುಸ್ತಿಪಟು ರ‍್ಯಾಂಡಿ ಕೌಚರ್ ಪಂದ್ಯ ಆರಂಭವಾದ ಕೆಲವೇ ಕ್ಷಣಗಳಲ್ಲಿ ಕಾಲು ಹಿಡಿದು ಕೆಡವಿ, ಮೊದಲ ಸುತ್ತಿನಲ್ಲೇ ಕತ್ತು ಬಿಗಿದು ಸೋಲಿಸಿದರು. ಟೋನಿಯ ಕೈಚಳಕ ಕೌಚರ್‌ಗಿಂತ ಎಷ್ಟೋ ಮೇಲಿತ್ತು, ಆದರೆ ಅದನ್ನು ತೋರಿಸುವ ಸಂದರ್ಭವೇ ಅವರಿಗೆ ಸಿಗಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಹಾಲಿ ಹೋಮ್ ಅವರದು, ಮತ್ತು ನೀವು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ನೋಡಬೇಕಾದುದೂ ಅದನ್ನೇ. ಬಾಕ್ಸಿಂಗ್‌ನಲ್ಲಿ ಹಲವು ಪಟ್ಟಗಳನ್ನು ಗೆದ್ದು ಎಂಎಂಎಗೆ ಬಂದ ಹೋಮ್, 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಜೂಡೋ ಹಿನ್ನೆಲೆಯ ರೋಂಡಾ ರೌಸಿಯನ್ನು ಎರಡನೆಯ ಸುತ್ತಿನಲ್ಲಿ ತಲೆಗೆ ಒದ್ದು ಕೆಡವಿದರು. ಎಲ್ಲರಿಗೂ ನೆನಪಿರುವುದು ಆ ಒದೆತ. ಆದರೆ ಅದಕ್ಕೆ ದಾರಿ ಮಾಡಿಕೊಟ್ಟದ್ದು, ರೌಸಿ ನುಗ್ಗಿ ಬಂದಾಗಲೆಲ್ಲ ಪಕ್ಕಕ್ಕೆ ಸರಿದ ಕಾಲ್ನಡಿಗೆ, ಕ್ಲಿಂಚ್‌ನಲ್ಲಿ, ಅಂದರೆ ನಿಂತೇ ಒಬ್ಬರನ್ನೊಬ್ಬರು ತಬ್ಬಿ ಹಿಡಿದಾಗ, ಸೊಂಟ ಬಿಟ್ಟುಕೊಡದ ಎಚ್ಚರ, ಮೊದಲ ಸುತ್ತಿನಲ್ಲಿ ನೆಲಕ್ಕೆ ಹೋದಾಗ ಚಾಚಿದ ತೋಳಿನ ಮೊಣಕೈಯನ್ನು ಹಿಂದಕ್ಕೆ ಒತ್ತುವ ಆರ್ಮ್‌ಬಾರ್ ಪಟ್ಟಿಗೆ ಸಿಲುಕದೆ ಎದ್ದು ಬಂದ ರೀತಿ. ಅದೇ ಹೋಮ್ ಮುಂದಿನ ಪಂದ್ಯದಲ್ಲಿ, 2016ರ ಮಾರ್ಚ್‌ನಲ್ಲಿ, ಮೀಶಾ ಟೇಟ್ ಎದುರು ಕೊನೆಯ ಸುತ್ತಿನಲ್ಲಿ ಬೆನ್ನು ಬಿಟ್ಟುಕೊಟ್ಟು ಕತ್ತುಬಿಗಿತಕ್ಕೆ ಸೋತರು. ಎರಡು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಬಾಕ್ಸರ್ ಕ್ಲಾರೆಸ್ಸಾ ಶೀಲ್ಡ್ಸ್ ಕೂಡ 2021ರ ಜೂನ್‌ನಲ್ಲಿ ತಮ್ಮ ಮೊದಲ ಎಂಎಂಎ ಪಂದ್ಯದಲ್ಲಿ ಹೆಚ್ಚು ಹೊತ್ತು ನೆಲದ ಮೇಲೆಯೇ ಸೆಣಸಿ, ಮೂರನೆಯ ಸುತ್ತಿನಲ್ಲಿ ಪಂಚ್‌ಗಳಿಂದ ಗೆದ್ದರು. ಅದೇ ವರ್ಷ ಎರಡನೆಯ ಪಂದ್ಯದಲ್ಲಿ ತೀರ್ಪುಗಾರರ ಭಿನ್ನಮತದ ನಿರ್ಣಯದಲ್ಲಿ ಸೋತರು. ಇಷ್ಟು ದೊಡ್ಡ ಬಾಕ್ಸರ್‌ಗಳಿಗೂ ಸೋಲು ಗೆಲುವುಗಳು ನಿರ್ಧಾರವಾದದ್ದು ನೆಲದ ಪ್ರಶ್ನೆಯ ಮೇಲೆಯೇ.

ಇನ್ನು ನಿಮ್ಮ ಬಂಡವಾಳದಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡೋಣ. ಮುಖಕ್ಕೆ ಹೊಡೆತ ಬರುವಾಗ ಕಣ್ಣು ಮುಚ್ಚದಿರುವುದು, ದಣಿದಾಗಲೂ ಯೋಚಿಸಬಲ್ಲ ಸಮಾಧಾನ, ದೂರದ ಅಂದಾಜು, ಹುಸಿ ಹೊಡೆತಗಳಿಂದ ಎದುರಾಳಿಯನ್ನು ಅಲುಗಿಸುವ ಕಲೆ, ನೆಲದಿಂದ ಸೊಂಟದ ಮೂಲಕ ಮುಷ್ಟಿಗೆ ಬಲ ತರುವ ಕ್ರಮ, ಇವೆಲ್ಲ ಹಾಗೆಯೇ ನಿಮ್ಮ ಜೊತೆ ಬರುತ್ತವೆ. ಕುಸ್ತಿಯಿಂದ ಎಂಎಂಎಗೆ ಬಂದವರು ಇವನ್ನು ಗಳಿಸಲು ವರ್ಷಗಟ್ಟಲೆ ಪಾಡುಪಡುತ್ತಾರೆ. ಅದರಲ್ಲಿಯೂ ಮುಂದಿನ ಕೈಯಿಂದ ಎಸೆಯುವ ನೇರ ಪಂಚ್ ಆದ ಜಾಬ್ ನಿಮ್ಮ ಅತ್ಯಂತ ಬೆಲೆಬಾಳುವ ಆಯುಧವಾಗಿ ಉಳಿಯುತ್ತದೆ, ಏಕೆಂದರೆ ಮೈಯ ಭಾರವನ್ನು ಮುಂದಕ್ಕೆ ಚೆಲ್ಲದೆ ಎಸೆಯಬಹುದಾದ ಪಂಚ್ ಅದು. ಎದುರಾಳಿ ಕಾಲಿಗೆ ಕೈಹಾಕಲು ನುಗ್ಗಿದರೆ ಹಿಂದೆ ಸರಿಯಲು ಅದು ಸಮಯ ಕೊಡುತ್ತದೆ.

ಬದಲಾಗಬೇಕಾದುದು ಮೊದಲಿಗೆ ನಿಲುವು. ಬಾಕ್ಸಿಂಗ್‌ನಲ್ಲಿ ನೀವು ಮೈಯನ್ನು ಓರೆಯಾಗಿಸಿ, ಮುಂಗಾಲಿನ ಪಾದವನ್ನು ಒಳಕ್ಕೆ ತಿರುಗಿಸಿ, ಭಾರವನ್ನು ಆಗಾಗ ಅದರ ಮೇಲೆ ಹೇರಿ ನಿಲ್ಲುತ್ತೀರಿ. ಎಂಎಂಎಯಲ್ಲಿ ಹಾಗೆ ನಿಂತ ಕಾಲು ಒದೆತಕ್ಕೂ ಹಿಡಿತಕ್ಕೂ ಸುಲಭವಾಗಿ ಸಿಗುತ್ತದೆ. ಒದೆತವನ್ನು ತಡೆಯಲು ಮುಂಗಾಲನ್ನು ಎತ್ತಿ, ಮೊಣಕಾಲನ್ನು ಹೊರಕ್ಕೆ ತಿರುಗಿಸಿ, ಗಟ್ಟಿಯಾದ ಕಣಕಾಲ ಮೂಳೆಯ ಮೇಲೆ ಹೊಡೆತ ತೆಗೆದುಕೊಳ್ಳಬೇಕು. ಭಾರವೆಲ್ಲ ಮುಂಗಾಲಿನ ಮೇಲಿದ್ದರೆ ಅದನ್ನು ಎತ್ತುವುದೇ ಸಾಧ್ಯವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಬಹಳ ಬಳಕೆಗೆ ಬಂದಿರುವ ಮೀನಖಂಡದ ಒದೆತ ಇನ್ನೂ ಅಪಾಯಕಾರಿ. ಮೊಣಕಾಲಿನ ಹೊರಬದಿಯ ಕೆಳಗೆ ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುವ ನರಕ್ಕೆ ಪೆಟ್ಟು ಬಿದ್ದರೆ ಪಾದವನ್ನು ಮೇಲೆತ್ತುವ ಶಕ್ತಿ ಕೆಲಕಾಲ ಕುಂದುತ್ತದೆ, ಮತ್ತು ಕಾಲ್ನಡಿಗೆಯನ್ನೇ ನಂಬಿದ ಬಾಕ್ಸರ್‌ಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. 1976ರಲ್ಲಿ ಟೋಕಿಯೊದಲ್ಲಿ ಮುಹಮ್ಮದ್ ಅಲಿ ಮತ್ತು ಕುಸ್ತಿಪಟು ಆಂಟೋನಿಯೊ ಇನೋಕಿ ನಡುವೆ ವಿಶೇಷ ನಿಯಮಗಳಡಿ ನಡೆದ 15 ಸುತ್ತುಗಳ ಪಂದ್ಯದಲ್ಲಿ ಇನೋಕಿ ಬಹುಪಾಲು ನೆಲದ ಮೇಲೆ ಮಲಗಿಯೇ ಅಲಿಯ ಕಾಲುಗಳಿಗೆ ಒದ್ದರು. ಪಂದ್ಯ ಸಮವಾಯಿತು, ಆದರೆ ಅಲಿ ಎಸೆದ ಪಂಚ್‌ಗಳು ಬೆರಳೆಣಿಕೆಯಷ್ಟು, ಅವರ ಕಾಲುಗಳಿಗಾದ ಗಾಯವೋ ಗಂಭೀರವಾದುದು. ಆದ್ದರಿಂದ ನಿಲುವನ್ನು ತುಸು ಚೌಕವಾಗಿಸಿಕೊಳ್ಳಿ, ಭಾರವನ್ನು ಎರಡೂ ಕಾಲುಗಳಿಗೆ ಹಂಚಿ, ಮುಂಗಾಲಿನ ಬೆರಳುಗಳು ಎದುರಾಳಿಯ ಕಡೆಗೆ ಅಥವಾ ಸ್ವಲ್ಪ ಹೊರಕ್ಕೆ ನೋಡುವಂತೆ ನಿಲ್ಲಿ.

ತಲೆಯ ಚಲನೆಯ ವಿಷಯದಲ್ಲಿ ನಿಮಗೆ ಹೆಚ್ಚು ಕಷ್ಟವಾಗುತ್ತದೆ, ಏಕೆಂದರೆ ಅದು ನೀವು ಬೆವರು ಸುರಿಸಿ ಕಲಿತ ವಿದ್ಯೆ. ಸೊಂಟದಿಂದ ಬಾಗಿ ಪಕ್ಕದಿಂದ ಬರುವ ಹುಕ್ ಪಂಚ್‌ನ ಕೆಳಗೆ ನುಸುಳುವುದು ಬಾಕ್ಸಿಂಗ್‌ನಲ್ಲಿ ಮೆಚ್ಚುಗೆ ಗಳಿಸುತ್ತದೆ. ಎಂಎಂಎಯಲ್ಲಿ ಹಾಗೆ ಬಾಗಿದ ತಲೆಯನ್ನು ಮೊಣಕಾಲೋ ಮೇಲೆತ್ತಿದ ಒದೆತವೋ ಎದುರುಗೊಳ್ಳುತ್ತದೆ, ಅಥವಾ ಎದುರಾಳಿ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕತ್ತು ಬಿಗಿಯುವ ಗಿಲಟಿನ್ ಪಟ್ಟು ಹಾಕುತ್ತಾನೆ. ತಲೆ ಅಲುಗಿಸುವುದನ್ನೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಚಲನೆ ಚಿಕ್ಕದಾಗಿರಲಿ, ಬೆನ್ನು ನೆಟ್ಟಗಿರಲಿ, ಕೆಳಗೆ ಹೋಗಬೇಕಾದರೆ ಮೊಣಕಾಲು ಮಡಿಸಿ ಹೋಗಿ, ಮತ್ತು ತಲೆಗಿಂತ ಹೆಚ್ಚಾಗಿ ಪಾದಗಳಿಂದ ತಪ್ಪಿಸಿಕೊಳ್ಳಿ. ಎರಡೂ ಕೈಗಳನ್ನು ಮುಖಕ್ಕೆ ಒತ್ತಿ ಹಿಡಿದು ಹೊಡೆತಗಳನ್ನು ಗ್ಲೌಸ್ ಮೇಲೆ ತೆಗೆದುಕೊಳ್ಳುವ ರಕ್ಷಣೆಯೂ ಇಲ್ಲಿ ಸೋರುತ್ತದೆ. ವೃತ್ತಿಪರ ಬಾಕ್ಸಿಂಗ್ ಪಂದ್ಯದ ಗ್ಲೌಸ್ 8 ಅಥವಾ 10 ಔನ್ಸ್, ಸ್ಪಾರಿಂಗ್‌ನದು ಸಾಮಾನ್ಯವಾಗಿ 14ರಿಂದ 16 ಔನ್ಸ್; ಎಂಎಂಎ ಪಂದ್ಯದ್ದಾದರೋ ಸುಮಾರು 4 ಔನ್ಸ್. ಆ ಚಿಕ್ಕ ಗ್ಲೌಸ್ ನಿಮ್ಮ ಮುಖವನ್ನು ಮುಚ್ಚುವುದಿಲ್ಲ, ಎದುರಾಳಿಯ ಮುಷ್ಟಿ ಸಂದಿಯಲ್ಲಿ ತೂರಿ ಬರುತ್ತದೆ. ನಿಮ್ಮ ಕೈಗೂ ಅದು ಕಡಿಮೆ ರಕ್ಷಣೆ ಕೊಡುತ್ತದೆ. ದಪ್ಪ ಗ್ಲೌಸ್ ಧರಿಸಿ ತಲೆಯ ಮೇಲ್ಭಾಗಕ್ಕೆ ಹೇಗೆಂದರೆ ಹಾಗೆ ಹೊಡೆದು ರೂಢಿಯಾದವರು ಕಿರುಬೆರಳ ಹಿಂದಿನ ಅಂಗೈ ಮೂಳೆಯನ್ನು ಮುರಿದುಕೊಳ್ಳುವುದು ಸಾಮಾನ್ಯ. ತೋರುಬೆರಳು ಮತ್ತು ನಡುಬೆರಳ ಗೆಣ್ಣುಗಳಿಂದಲೇ ಪಂಚ್ ತಾಗುವಂತೆ ಮತ್ತೊಮ್ಮೆ ನಿಧಾನವಾಗಿ ಅಭ್ಯಾಸ ಮಾಡಿ.

ಪಂಚ್‌ಗಳ ಸರಣಿಯ ಉದ್ದವನ್ನೂ ಕಡಿಮೆ ಮಾಡಬೇಕು. ಐದಾರು ಪಂಚ್‌ಗಳನ್ನು ಒಂದೇ ಜಾಗದಲ್ಲಿ ನಿಂತು ಎಸೆದರೆ, ಮೂರನೆಯದರ ಹೊತ್ತಿಗೆ ಎದುರಾಳಿ ನಿಮ್ಮ ತೋಳಿನ ಕೆಳಗೆ ಬಂದು ಸೊಂಟ ಹಿಡಿದಿರುತ್ತಾನೆ. ಎರಡು ಮೂರು ಪಂಚ್ ಎಸೆದು, ನೇರ ಹಿಂದಕ್ಕಲ್ಲದೆ ಓರೆಯಾಗಿ ಹೊರಬನ್ನಿ. ಕೆಳಗಿನಿಂದ ಮೇಲಕ್ಕೆ ಎಸೆಯುವ ಅಪ್ಪರ್‌ಕಟ್, ಕೆಳಗಿಳಿದು ಬರುವವನಿಗೆ ಒಳ್ಳೆಯ ಉತ್ತರ, ಆದರೆ ತಪ್ಪಿದರೆ ಸೊಂಟ ಪೂರ್ತಿ ತೆರೆದುಕೊಳ್ಳುತ್ತದೆ, ಹಾಗಾಗಿ ಆತ ಕೆಳಗಿಳಿಯುವುದನ್ನು ಓದಲು ಕಲಿತ ಮೇಲೆಯೇ ಅದನ್ನು ಬಳಸಿ. ಹಾಗೆ ಓದಬೇಕಾದರೆ ದೃಷ್ಟಿ ಕೈಗಳ ಮೇಲಲ್ಲ, ಎದೆಯ ಮೇಲಿರಬೇಕು. ಕೈಗಳು ಸುಳ್ಳು ಹೇಳಬಲ್ಲವು, ಆದರೆ ಮೈ ಕೆಳಗಿಳಿಯದೆ ಯಾರೂ ಕಾಲು ಹಿಡಿಯಲಾರರು.

ಕ್ಲಿಂಚ್ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಒಂದು ಮೂಲಭೂತ ತಿದ್ದುಪಡಿ ಆಗಬೇಕು. ಬಾಕ್ಸಿಂಗ್‌ನಲ್ಲಿ ಅದು ವಿಶ್ರಾಂತಿಯ ತಾಣ. ತಬ್ಬಿ ಹಿಡಿದರೆ ರೆಫ್ರಿ ಬಿಡಿಸುತ್ತಾರೆ. ಇಲ್ಲಿ ಹಾಗೆ ತಕ್ಷಣ ಯಾರೂ ಬಿಡಿಸಲು ಬರುವುದಿಲ್ಲ, ಅಪಾಯ ಅಲ್ಲಿಂದಲೇ ಆರಂಭವಾಗುತ್ತದೆ. ಎದುರಾಳಿಯ ಕಂಕುಳ ಕೆಳಗಿನಿಂದ ಕೈ ತೂರಿಸಿ ಹಿಡಿಯುವ ಅಂಡರ್‌ಹುಕ್ ಯಾರಿಗೆ ಸಿಗುತ್ತದೆ, ಯಾರ ಹಣೆ ಯಾರ ಗದ್ದದ ಕೆಳಗಿದೆ, ಯಾರ ಸೊಂಟ ಕೆಳಮಟ್ಟದಲ್ಲಿದೆ ಎಂಬ ಮೂರು ಸಂಗತಿಗಳು ಕ್ಲಿಂಚ್‌ನ ಫಲವನ್ನು ನಿರ್ಧರಿಸುತ್ತವೆ. ಕೈಕೈ ಹೆಣೆದು ಅಂಡರ್‌ಹುಕ್‌ಗಾಗಿ ಸೆಣಸುವ ಅಭ್ಯಾಸವನ್ನು ಕುಸ್ತಿ ತರಬೇತಿಯಲ್ಲಿ ಪ್ರತಿದಿನ ಐದು ನಿಮಿಷ ಮಾಡಿದರೂ ಕೆಲವು ತಿಂಗಳುಗಳಲ್ಲಿ ನಿಮ್ಮನ್ನು ಹಿಡಿಯುವುದು ಕಷ್ಟವಾಗುತ್ತದೆ. ಎದುರಾಳಿ ಕಾಲಿಗೆ ನುಗ್ಗಿದಾಗ ಎರಡೂ ಕಾಲುಗಳನ್ನು ಹಿಂದಕ್ಕೆ ಚೆಲ್ಲಿ ಸೊಂಟದ ಭಾರವನ್ನು ಅವನ ಭುಜಗಳ ಮೇಲೆ ಹೇರುವ ಸ್ಪ್ರಾಲ್ ಅನ್ನು, ನೀವು ಜಾಬ್ ಕಲಿತಷ್ಟೇ ಬಾರಿ, ಅಂದರೆ ಸಾವಿರಾರು ಬಾರಿ, ಕಲಿಯಬೇಕು.

ಇಷ್ಟೆಲ್ಲ ಮಾಡಿದರೂ ನೀವು ಬೀಳುತ್ತೀರಿ. ಎಲ್ಲರೂ ಬೀಳುತ್ತಾರೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ನೆಲಕ್ಕೆ ಬಿದ್ದ ಬಾಕ್ಸರ್ ಸಾಮಾನ್ಯವಾಗಿ ಮೂರು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾನೆ. ಕೆಳಗಿನಿಂದಲೇ ಪಂಚ್ ಎಸೆಯುತ್ತಾನೆ. ಬೆನ್ನು ನೆಲಕ್ಕೆ ಅಂಟಿರುವಾಗ ಅದರಲ್ಲಿ ಬಲವಿರುವುದಿಲ್ಲ. ಎರಡೂ ಕೈಗಳನ್ನು ನೆಟ್ಟಗೆ ಚಾಚಿ ಎದುರಾಳಿಯ ಎದೆಯನ್ನು ತಳ್ಳುತ್ತಾನೆ. ಚಾಚಿದ ತೋಳು ನೇರವಾಗಿ ಆರ್ಮ್‌ಬಾರ್‌ಗೆ ಆಹ್ವಾನ. ಅಥವಾ ಗಾಬರಿಯಿಂದ ಬೋರಲಾಗಿ ತಿರುಗುತ್ತಾನೆ. ಆಗ ಬೆನ್ನು ಎದುರಾಳಿಯ ಪಾಲಾಗಿ, ಹಿಂದಿನಿಂದ ಕತ್ತು ಬಿಗಿಯುವ ಪಟ್ಟು ಬರುತ್ತದೆ. ಈ ಮೂರೂ ಸಹಜ ಪ್ರತಿಕ್ರಿಯೆಗಳೇ, ಆದ್ದರಿಂದ ಮಾತಿನಿಂದ ಹೋಗುವುದಿಲ್ಲ, ಅಭ್ಯಾಸದಿಂದ ಮಾತ್ರ ಹೋಗುತ್ತವೆ.

ಅವುಗಳ ಜಾಗದಲ್ಲಿ ಕೂರಿಸಬೇಕಾದ ಕೌಶಲ್ಯಗಳು ಬಹಳ ಇಲ್ಲ. ಮೊಣಕೈಗಳನ್ನು ಮೈಗೆ ಹತ್ತಿರವಿಟ್ಟು, ಮುಂಗೈ ಮೂಳೆಯನ್ನು ಎದುರಾಳಿಯ ಕತ್ತಿಗೂ ಸೊಂಟಕ್ಕೂ ಅಡ್ಡವಾಗಿ ಒತ್ತಿ ಜಾಗ ಮಾಡಿಕೊಳ್ಳುವುದು ಮೊದಲನೆಯದು. ಹಾಗೆ ಸಿಕ್ಕ ಜಾಗದಲ್ಲಿ ಪಾದ ಊರಿ, ಸೊಂಟವನ್ನು ಪಕ್ಕಕ್ಕೆ ಜಾರಿಸಿ, ಮೊಣಕಾಲನ್ನು ನಡುವೆ ತೂರಿಸಿ ಎದುರಾಳಿಯನ್ನು ಕಾಲುಗಳ ನಡುವೆ ಹಿಡಿದಿಡುವ ಗಾರ್ಡ್ ಭಂಗಿಗೆ ಮರಳುವುದು ಎರಡನೆಯದು. ಅನಂತರದ್ದು ಏಳುವ ಕ್ರಮ: ಒಂದು ಕೈಯನ್ನು ಹಿಂದೆ ನೆಲಕ್ಕೆ ಊರಿ, ಎದುರು ಬದಿಯ ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಇರಿಸಿ, ಇನ್ನೊಂದು ಕೈಯಿಂದ ಮುಖ ಕಾಯುತ್ತ, ಸೊಂಟ ಎತ್ತಿ, ಉಳಿದ ಕಾಲನ್ನು ಕೆಳಗಿನಿಂದ ಹಿಂದಕ್ಕೆ ಎಳೆದುಕೊಂಡು ನಿಲುವಿಗೆ ಬರುವುದು. ಎದುರಾಳಿ ಮೈಗೆ ಅಂಟಿಕೊಂಡೇ ಇದ್ದರೆ, ಕಣದ ಸುತ್ತಲಿನ ಪಂಜರದ ಗೋಡೆಯವರೆಗೆ ಸರಿದು, ಬೆನ್ನನ್ನು ಅದಕ್ಕೆ ಆನಿಸಿ ಕುಳಿತು, ಒಂದು ಅಂಡರ್‌ಹುಕ್ ಗೆದ್ದು, ಗೋಡೆಯ ಆಸರೆಯಲ್ಲಿ ಮೇಲೇಳುವುದನ್ನು ಕಲಿಯಬೇಕು. ತರಗತಿಯಲ್ಲಿ ಜೊತೆಗಾರನನ್ನು ಮೇಲೆ ಇರಿಸಿಕೊಂಡು, ಪಂಚ್ ಇಲ್ಲದೆ, ಎದ್ದು ನಿಲ್ಲುವುದೊಂದೇ ಗುರಿಯಾಗಿ ಮೂರು ಮೂರು ನಿಮಿಷಗಳ ಸುತ್ತುಗಳನ್ನು ಆಡಿ. ಬಾಕ್ಸಿಂಗ್‌ನಿಂದ ಬಂದ ಶಿಷ್ಯರಿಗೆ ನಾನು ಎಲ್ಲಕ್ಕಿಂತ ಹೆಚ್ಚಾಗಿ ಮಾಡಿಸುವ ಅಭ್ಯಾಸ ಇದೇ. ಮೊದಲ ವಾರಗಳಲ್ಲಿ ಒಮ್ಮೆಯೂ ಏಳಲಾಗದೆ ಮನಸ್ಸು ನೊಂದರೂ ಇದನ್ನು ಬಿಡಬೇಡಿ.

ವಾರದ ವೇಳಾಪಟ್ಟಿಯನ್ನು ಹೀಗೆ ಇಟ್ಟುಕೊಳ್ಳಬಹುದು. ವಾರಕ್ಕೆ ಐದು ತರಗತಿಗಳಿಗೆ ಬಿಡುವಿದ್ದರೆ ಎರಡು ಕುಸ್ತಿಗೆ, ಎರಡು ನೋ-ಗಿ (ಗಿ ಎಂಬ ದಪ್ಪ ಉಡುಪಿಲ್ಲದೆ ಆಡುವ) ಜಿಯು-ಜಿತ್ಸುವಿಗೆ, ಒಂದು ಒದೆತಗಳೂ ಇರುವ ಥಾಯ್ಲೆಂಡ್‌ನ ಸಮರಕಲೆಯಾದ ಮುಯ್ ಥಾಯ್‌ಗೆ ಇರಲಿ. ನೋ-ಗಿ ಎಂದು ಒತ್ತಿ ಹೇಳಲು ಕಾರಣವಿದೆ: ದಪ್ಪ ಉಡುಪಿನ ಕಾಲರ್ ಮತ್ತು ತೋಳು ಹಿಡಿದು ಮಾಡುವ ಪಟ್ಟುಗಳು ಎಂಎಂಎಯಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದಿಲ್ಲ. ಬಾಕ್ಸಿಂಗ್ ಅನ್ನು ಪೂರ್ತಿ ಕೈಬಿಡುವ ಅಗತ್ಯವಿಲ್ಲ, ಆದರೆ ಅದನ್ನು ಬ್ಯಾಗ್ ಮತ್ತು ಎದುರಾಳಿಯಿಲ್ಲದೆ ಮಾಡುವ ನೆರಳು ಬಾಕ್ಸಿಂಗ್‌ಗೆ ಸೀಮಿತಗೊಳಿಸಿ, ಆ ಅಭ್ಯಾಸವನ್ನೂ ಹೊಸ ನಿಲುವಿನಲ್ಲಿ, ನಡುನಡುವೆ ಸ್ಪ್ರಾಲ್ ಸೇರಿಸಿ ಮಾಡಿ. ಮುಯ್ ಥಾಯ್ ತರಗತಿಯಲ್ಲಿ ಒದೆಯುವುದಕ್ಕಿಂತ ಮೊದಲು ಒದೆತ ತಡೆಯುವುದನ್ನು ಕಲಿಯಿರಿ.

ದೇಹದ ಸಿದ್ಧತೆಯಲ್ಲಿ ನಿಮಗೊಂದು ಅಚ್ಚರಿ ಕಾದಿದೆ. ಹತ್ತು ಸುತ್ತು ಬಾಕ್ಸಿಂಗ್ ಮಾಡಬಲ್ಲವರೂ ಮೊದಲ ದಿನದ ಕುಸ್ತಿಯಲ್ಲಿ ಎರಡು ನಿಮಿಷಕ್ಕೆ ಏದುಸಿರು ಬಿಡುತ್ತಾರೆ. ಹಿಡಿದು ಎಳೆಯುವ, ಬಿಗಿದು ನಿಲ್ಲುವ ಕೆಲಸ ಸ್ನಾಯುಗಳನ್ನು ಬೇರೆ ರೀತಿಯಲ್ಲಿ ದಣಿಸುತ್ತದೆ, ಜೊತೆಗೆ ಹೊಸಬರು ಭಯದಿಂದ ಮೈಯೆಲ್ಲ ಬಿಗಿಹಿಡಿದು ಉಸಿರು ಕಟ್ಟುತ್ತಾರೆ. ವೃತ್ತಿಪರ ಎಂಎಂಎ ಸುತ್ತು 5 ನಿಮಿಷಗಳದು. ಸಾಮಾನ್ಯ ಪಂದ್ಯಕ್ಕೆ 3 ಸುತ್ತು, ಪಟ್ಟದ ಪಂದ್ಯಕ್ಕೆ 5. ಇದಕ್ಕಾಗಿ ಈಗಲೇ ಹೆಚ್ಚು ಓಡುವುದರಿಂದ ಲಾಭ ಕಡಿಮೆ. ಗ್ರಾಪ್ಲಿಂಗ್ (ಹೊಡೆತವಿಲ್ಲದ, ಬರೀ ಹಿಡಿತದ ಸೆಣಸಾಟ) ಸುತ್ತುಗಳನ್ನು ನಿಧಾನ ಗತಿಯಲ್ಲಿ, ಮೂಗಿನಿಂದ ಉಸಿರಾಡುತ್ತ, ಬಹಳ ಸಂಖ್ಯೆಯಲ್ಲಿ ಆಡುವುದೇ ಸರಿಯಾದ ದಾರಿ. ಕತ್ತು ಮತ್ತು ಬೆನ್ನಿನ ಸ್ನಾಯುಗಳಿಗೆ ಮಾತ್ರ ವಾರಕ್ಕೆ ಎರಡು ಬಾರಿ ಪ್ರತ್ಯೇಕ ವ್ಯಾಯಾಮ ಬೇಕು.

ಸ್ಪಾರಿಂಗ್ ವಿಷಯಕ್ಕೆ ಬರುತ್ತೇನೆ. ಗ್ರಾಪ್ಲಿಂಗ್‌ನಲ್ಲಿ ಸೆಣಸುವುದನ್ನು ಮೊದಲ ತಿಂಗಳಲ್ಲೇ ಆರಂಭಿಸಬಹುದು, ಏಕೆಂದರೆ ಅಲ್ಲಿ ಸೋತರೆ ಟ್ಯಾಪ್ ಮಾಡಿ, ಅಂದರೆ ಕೈತಟ್ಟಿ ಸೋಲೊಪ್ಪಿಕೊಂಡು, ಮತ್ತೆ ಶುರು ಮಾಡಬಹುದು. ಪಂಚ್, ಒದೆತ, ಟೇಕ್‌ಡೌನ್ (ನೆಲಕ್ಕೆ ಕೆಡವುವುದು) ಎಲ್ಲ ಸೇರಿದ ಸ್ಪಾರಿಂಗ್‌ಗೆ, ನಿಮ್ಮ ಹಿನ್ನೆಲೆ ಇರುವವರಿಗೆ, ಆರು ತಿಂಗಳಾದರೂ ಕಾಯಿರಿ ಎನ್ನುತ್ತೇನೆ. ಅಲ್ಲಿಯವರೆಗೆ ಭಾಗಶಃ ಸ್ಪಾರಿಂಗ್ ಮಾಡಿ: ನಿಮಗೆ ಜಾಬ್ ಮಾತ್ರ, ಜೊತೆಗಾರನಿಗೆ ಟೇಕ್‌ಡೌನ್ ಮಾತ್ರ. ಇದರಿಂದ ನಿಮ್ಮ ಕೈ ಮತ್ತು ಸೊಂಟ ಒಟ್ಟಿಗೆ ಕೆಲಸ ಮಾಡಲು ಕಲಿಯುತ್ತವೆ. ತಲೆಗೆ ಬಲವಾದ ಹೊಡೆತಗಳ ಸ್ಪಾರಿಂಗ್ ಯಾವ ಹಂತದಲ್ಲೂ ವಾರದ ನಿತ್ಯಕ್ರಮವಾಗಬಾರದು. ಮೂರು ವರ್ಷಗಳ ಬಾಕ್ಸಿಂಗ್‌ನಲ್ಲಿ ನಿಮ್ಮ ತಲೆ ಈಗಾಗಲೇ ಸಾಕಷ್ಟು ಹೊಡೆತ ಕಂಡಿರುತ್ತದೆ ಎಂಬುದನ್ನು ದಯವಿಟ್ಟು ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಡೆತದ ನಂತರ ತಲೆನೋವು, ವಾಕರಿಕೆ, ಮಂಕು, ಬೆಳಕು ಸಹಿಸಲಾಗದಿರುವುದು, ನೆನಪು ತಪ್ಪುವುದು ಕಂಡುಬಂದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಮತ್ತು ಅವರ ಒಪ್ಪಿಗೆಯಿಲ್ಲದೆ ಸ್ಪಾರಿಂಗ್‌ಗೆ ಮರಳಬಾರದು. ಸ್ಪಾರಿಂಗ್‌ಗೆ ಹಲ್ಲಿನ ಗಾರ್ಡ್, ತೊಡೆಸಂದಿಯ ಗಾರ್ಡ್, ಕಣಕಾಲ ಗಾರ್ಡ್ ಹಾಗೂ ಪಂದ್ಯದ ಗ್ಲೌಸ್‌ಗಿಂತ ದಪ್ಪವಾದ 7 ಔನ್ಸ್‌ನ ಎಂಎಂಎ ಗ್ಲೌಸ್ ಇರಲಿ.

ಟ್ಯಾಪ್ ಮಾಡುವುದನ್ನು ಅವಮಾನವೆಂದು ಬಗೆಯಬೇಡಿ. ಬಾಕ್ಸಿಂಗ್ ನಿಮಗೆ ನೋವು ನುಂಗಿ ನಿಲ್ಲುವುದನ್ನು ಕಲಿಸಿದೆ. ಆದರೆ ಕೀಲುಗಳ ವಿಷಯದಲ್ಲಿ ಆ ಗುಣ ಅಪಾಯ. ಹಿಮ್ಮಡಿ ತಿರುಚುವ ಪಟ್ಟಿನಲ್ಲಂತೂ ನೋವು ತಿಳಿಯುವ ಮೊದಲೇ ಮೊಣಕಾಲಿನ ಕಟ್ಟುಗಳು ಹರಿಯಬಹುದು. ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತುವ ಪಟ್ಟು ಸರಿಯಾಗಿ ಬಿದ್ದರೆ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ಹೋಗುತ್ತದೆ. ಮ್ಯಾಟ್ ಮೇಲಿನ ಸ್ವಚ್ಛತೆಯೂ ನಿಮಗೆ ಹೊಸ ವಿಷಯ. ಮೈಗೆ ಮೈ ಉಜ್ಜುವ ಕ್ರೀಡೆಯಲ್ಲಿ ಹುಳುಕಡ್ಡಿಯೂ ಚರ್ಮದ ಇತರ ಸೋಂಕುಗಳೂ ಬೇಗ ಹರಡುತ್ತವೆ. ಆದ್ದರಿಂದ ಉಗುರು ಕತ್ತರಿಸಿರಬೇಕು, ಪ್ರತಿ ತರಗತಿಯ ನಂತರ ಬೇಗ ಸ್ನಾನ ಮಾಡಬೇಕು, ಬಟ್ಟೆ ಒಗೆಯಬೇಕು, ಸೋಂಕು ಕಂಡರೆ ವಾಸಿಯಾಗುವವರೆಗೆ ಮ್ಯಾಟ್ ಏರಬಾರದು. ಕಿವಿ ಊದಿಕೊಂಡು ಒಳಗೆ ರಕ್ತ ತುಂಬಿದರೆ ಅದು ಗಟ್ಟಿಯಾಗುವ ಮುನ್ನ, ಒಂದೆರಡು ದಿನಗಳೊಳಗೆ, ವೈದ್ಯರಿಂದ ತೆಗೆಸಿಕೊಳ್ಳಿ.

ತರಬೇತಿ ಕೇಂದ್ರವನ್ನು ಆರಿಸುವಾಗ ಗೋಡೆಯ ಮೇಲಿನ ಪದಕಗಳಿಗಿಂತ ಹೆಚ್ಚಾಗಿ ಅಲ್ಲಿನ ಸ್ಪಾರಿಂಗ್ ದಿನವನ್ನು ನೋಡಿ. ಹೊಸಬರನ್ನು ಮೊದಲ ವಾರವೇ ಅನುಭವಿಗಳ ಎದುರು ಪಂಚ್ ತಿನ್ನಲು ನಿಲ್ಲಿಸುವ ಕಡೆಯಿಂದ ಹಿಂದಿರುಗಿ ಬನ್ನಿ. ಕುಸ್ತಿ ಅಥವಾ ಗ್ರಾಪ್ಲಿಂಗ್‌ಗೆ ಪ್ರತ್ಯೇಕ ಕೋಚ್ ಇದ್ದಾರೆಯೇ ಎಂದು ವಿಚಾರಿಸಿ. ಬಾಕ್ಸರ್ ಎಂದು ತಿಳಿದೊಡನೆ ನಿಮ್ಮನ್ನು ಪ್ಯಾಡ್ ಹಿಡಿದು ಹೊಡೆಸುವುದರಲ್ಲೇ ಇರಿಸಿಕೊಳ್ಳುವ ಕೋಚ್ ನಿಮಗೆ ಸಂತೋಷ ಕೊಡಬಹುದು, ಆದರೆ ನಿಮಗೆ ಬೇಕಾದುದನ್ನು ಕೊಡುತ್ತಿಲ್ಲ.

ಪಂದ್ಯವಾಡುವ ಆಸೆಯಿದ್ದರೆ ಹವ್ಯಾಸಿ ನಿಯಮಗಳಡಿಯೇ ಆರಂಭಿಸಿ. 2012ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಹವ್ಯಾಸಿ ಒಕ್ಕೂಟವಾದ ಐಎಂಎಂಎಎಫ್‌ನ ನಿಯಮಗಳಲ್ಲಿ ಸುತ್ತು 3 ನಿಮಿಷಗಳದು, ಮೊಣಕೈ ಹೊಡೆತಕ್ಕೆ ಅವಕಾಶವಿಲ್ಲ, ಕಣಕಾಲಿಗೆ ಗಾರ್ಡ್ ಕಟ್ಟಿಕೊಳ್ಳಬೇಕು. ಅದಕ್ಕೂ ಮುಂಚೆ ಒಂದೆರಡು ಗ್ರಾಪ್ಲಿಂಗ್ ಸ್ಪರ್ಧೆಗಳಲ್ಲಿ ಭಾಗವಹಿಸಿ, ಅಪರಿಚಿತರು ಪೂರ್ಣ ಬಲದಿಂದ ಕೆಡವಿ ಮೇಲೆ ಕುಳಿತಾಗ ನೀವು ಎದ್ದು ಬರಬಲ್ಲಿರಾ ಎಂಬುದನ್ನು ಪರೀಕ್ಷಿಸಿಕೊಳ್ಳಿ. ಮೊದಲ ಪಂದ್ಯಕ್ಕೆ ತೂಕ ಇಳಿಸುವ ಸಾಹಸ ಬೇಡ. ಮೈಯ ನೀರು ಬತ್ತಿಸಿ ಕೆಳಗಿನ ವರ್ಗಕ್ಕೆ ಹೋಗುವುದಕ್ಕಿಂತ, ನಿಮ್ಮ ಸಹಜ ತೂಕಕ್ಕೆ ಹತ್ತಿರವಿರುವ ವರ್ಗದಲ್ಲೇ, ಸರಿಯಾಗಿ ಉಂಡು ನೀರು ಕುಡಿದು ಕಣಕ್ಕಿಳಿಯಿರಿ.